ಪುಟ್ಟೀರಮ್ಮನ ಕೆರೆ ಪಾಠ

ನಮ್ಮ ಊರಿನಲ್ಲಿ ಯಾರಾದರೂ ಒಂದು ಕೈಕೆಲಸವನ್ನು ಇನ್ನೊಬ್ಬರಿಗೆ ಕಲಿಸಿದರೆ ಅದು ಕಲಿಸಿದವರ ಕೈಯಿಂದ ಹೋಗಿಬಿಡುತ್ತದೆ. ಓದು, ಬರಹ, ಮಗ್ಗಿಗೆ ಈ ಕಟ್ಟಳೆ ಇಲ್ಲ. ಮೇಷ್ಟ್ರು ಎಷ್ಟು ಗಂಟಲು ಹರಿದುಕೊಂಡರೂ ಅವರ ಅಕ್ಷರ ಅವರ ಹತ್ತಿರವೇ ಇರುತ್ತದೆ. ಕೈಗೆ ಹತ್ತಿದ ವಿದ್ಯೆ ಮಾತ್ರ ಹಾಗಲ್ಲ. ಮಗಳಿಗೆ ರೊಟ್ಟಿ ತಟ್ಟುವುದನ್ನು ಕಲಿಸಿದ ತಾಯಿ ಮಾರನೇ ದಿನದಿಂದ ಮಗಳು ಹಾಕಿದ್ದನ್ನು ಉಣ್ಣಬೇಕು. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಬರುತ್ತದೆ ಎಂದರೆ ಅವಳು ಹೊರಟ ದಿನ ಆ ಮನೆಯಲ್ಲಿ ಒಲೆ ಹಚ್ಚುವವರು ಇರುವುದಿಲ್ಲ. ಅಂಥ ಮಾತನ್ನು ಯಾರು ತಾನೇ ಎತ್ತಿಯಾರು?

ನನ್ನದನ್ನೇ ಹೇಳುತ್ತೇನೆ. ನಾನು ಮರಿಸ್ವಾಮಿ, ಇಪ್ಪತ್ತೆರಡು ವರ್ಷ ಟೈಲರ್ ಆಗಿದ್ದವನು. ಬೆನ್ನು ಕೈಕೊಟ್ಟ ಮೇಲೆ ಹೆಂಡತಿ ಗಂಗಮ್ಮನಿಗೆ ಹೊಲಿಗೆ ಕಲಿಸಿದೆ. ಕಲಿಸಿ ಮುಗಿದ ಮಾರನೇ ಬೆಳಿಗ್ಗೆ ಮಷೀನಿನ ಮುಂದೆ ಕೂತರೆ ಅದು ಯಾರೋ ಅಪರಿಚಿತರು ನಮ್ಮ ಮನೆಯಲ್ಲಿ ಇಟ್ಟು ಹೋದ ಸಾಮಾನಿನಂತೆ ಕಂಡಿತು. ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಆದರೂ ಒಂದನ್ನು ಉಳಿಸಿಕೊಂಡಿದ್ದೆ. ಅದು ನಮ್ಮ ಊರಿನ ಪದ್ಧತಿ: ಕಲಿಸುವವರು ಕೊನೆಯ ಒಂದು ಹಿಡಿಯನ್ನು ಬಾಯಿ ಬಿಡದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಉಳಿಹಿಡಿ ಎನ್ನುತ್ತೇವೆ. ನನ್ನ ಉಳಿಹಿಡಿ ಕಾಜಾ. ಗಂಗಮ್ಮ ಇಡೀ ಅಂಗಿ ಹೊಲಿಯುತ್ತಾಳೆ, ಗುಂಡಿಯ ಕಾಜಾಕ್ಕೆ ಮಾತ್ರ ನನ್ನ ಹತ್ತಿರ ಬರಬೇಕು. "ಕಾಜಾ ಸಾಹುಕಾರ್ರೇ, ಈ ಮೂರು ಅಂಗಿಗೂ ಒಸಿ ಕೃಪೆ ಮಾಡ್ಬೇಕು" ಎಂದು ತಂದು ನನ್ನ ಮಡಿಲಿಗೆ ಎಸೆಯುತ್ತಾಳೆ. ನಾನು ಮುಖ ಬಿಗಿದುಕೊಂಡು ಸೂಜಿ ತೆಗೆದುಕೊಳ್ಳುತ್ತೇನೆ. ದಿನಕ್ಕೆ ಅಷ್ಟು ಹೊತ್ತಾದರೂ ನಾನು ಟೈಲರ್.

ಇಂಥ ಊರಿನಲ್ಲಿ ವಿದ್ಯೆ ಬೆಳೆಯುವುದು ಹೇಗೆ? ಬಿಟ್ಟುಕೊಡಲು ಮನಸ್ಸಿಲ್ಲದೆ ಮುಚ್ಚಿಟ್ಟುಕೊಂಡೇ ಸತ್ತವರಿಂದ ಗಾಣ ಹೋಯಿತು, ಬಿದಿರು ಹೆಣೆಯುವುದು ಹೋಯಿತು, ಬೀಜ ಕಾಪಿಡುವುದು ಹೋಯಿತು. ಕಲಿಸಿದರೂ ಒಬ್ಬರು ಒಬ್ಬರಿಗೇ, ಬಾಗಿಲು ಹಾಕಿಕೊಂಡು. ಹಿಂದೆ ಗಾರೆ ಕೆಲಸದ ಮುದ್ದಯ್ಯ ಇಬ್ಬರು ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಕಲಿಸಿ, ವಿದ್ಯೆ ಅರ್ಧರ್ಧ ಹರಿದುಹೋಯಿತು. ಸುಣ್ಣ ಅರೆಯುವುದು ದೊಡ್ಡವನಿಗೆ, ಗೋಡೆಗೆ ಬಳಿಯುವುದು ಚಿಕ್ಕವನಿಗೆ. ಅಣ್ಣತಮ್ಮಂದಿರಿಗೆ ಮಾತು ನಿಂತು ಊರಿಗೆ ಹನ್ನೊಂದು ವರ್ಷ ಗಾರೆಯೇ ಇಲ್ಲದಂತಾಯಿತು. ಆಮೇಲೆ ಇಬ್ಬರನ್ನು ಒಟ್ಟಿಗೆ ಕೂರಿಸುವ ಧೈರ್ಯವನ್ನು ಯಾರೂ ಮಾಡಲಿಲ್ಲ.

ವಾಸಂತಿ ಮೇಡಂ ಬಂದದ್ದು ಮೂರು ವರ್ಷದ ಹಿಂದೆ. ದೊಡ್ಡ ಊರಿನ ಯಾವುದೋ ಸಂಸ್ಥೆಯವರು. ನೆಲ, ನೀರು ಹಾಳಾಗದಂತೆ ಊರು ಮುಂದೆ ಬರುವ ದಾರಿಗಳಿವೆ, ಅವನ್ನು ಊರವರು ಒಟ್ಟಿಗೆ ಕೂತು ಕಲಿಯಬೇಕು, ಅದಕ್ಕೊಂದು ಮನೆ ಬೇಕು ಎನ್ನುತ್ತಿದ್ದರು. ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯನ್ನು ಗುಡಿಸಿ, ಸುಣ್ಣ ಹೊಡೆದು, 'ಕಲಿಕೆ ಮನೆ' ಎಂದು ಬೋರ್ಡು ಹಾಕಿದೆವು. ಉಸ್ತುವಾರಿ ಯಾರಿಗೆ ಎಂಬ ಮಾತು ಬಂದಾಗ ಪುರಸಭೆ ಅಧ್ಯಕ್ಷ ಚನ್ನವೀರಪ್ಪನವರು ನನ್ನ ಕಡೆ ಕೈ ತೋರಿಸಿ, "ಕಳ್ಕೊಳ್ಳಾಕೆ ಇವನತ್ರ ಏನೂ ಇಲ್ಲ, ಇವನೇ ಸರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಜಾದ ವಿಷಯ ಎತ್ತಲಿಲ್ಲ.

ನಮ್ಮ ಕಟ್ಟಳೆಯನ್ನು ಮೇಡಂಗೆ ಹೇಳಿದಾಗ ಅವರು ನಂಬಲಿಲ್ಲ. ಮೊದಲ ಪಾಠ ಗೊಬ್ಬರದ ಗುಂಡಿಯದು. ಹದಿನೆಂಟು ಜನ ಬಂದಿದ್ದರು, ಹದಿನೆಂಟೂ ಜನ ಹೆದರಿಕೊಂಡೇ. ಮೇಡಂ ಸೀರೆ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದು, ಒಣಗಿದ ಎಲೆ, ಹಸಿ ಸೊಪ್ಪು, ಸಗಣಿ ನೀರು, ಮಣ್ಣು ಎಂದು ಒಂದೊಂದೇ ಪದರ ಹಾಕಿ ತೋರಿಸಿದರು. ಮಾರನೇ ದಿನ ಹೋಗಿ ನೋಡುತ್ತೇನೆ, ಎರಡನೇ ಗುಂಡಿಯ ಪಕ್ಕ ಸಗಣಿ ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದಾರೆ. "ಮರಿಸ್ವಾಮಿಯವರೇ, ಇದನ್ನ ಯಾವಾಗ ಹಾಕ್ಬೇಕು? ಹದಿನೈದು ವರ್ಷದಿಂದ ಮಾಡಿದೀನಿ. ಈಗ ಗೊತ್ತಾಗ್ತಿಲ್ಲ" ಎಂದರು. ನನಗೆ ನನ್ನ ಹಳೆಯ ಮಷೀನು ನೆನಪಾಯಿತು.

ಕಲಿತವರ ಪಾಡು ಇನ್ನೂ ವಿಚಿತ್ರ. ಒಬ್ಬನಿಗೆ ಎಲೆ ಎಷ್ಟು ದಪ್ಪ ಹರಡಬೇಕು ಎಂಬುದು ಮಾತ್ರ ಗೊತ್ತು. ಇನ್ನೊಬ್ಬಳಿಗೆ ನೀರಿನ ಹದ ಮಾತ್ರ. ಮತ್ತೊಬ್ಬನಿಗೆ ಎಂದು ಮಗುಚಬೇಕು ಎಂಬುದು ಮಾತ್ರ. ಹದಿನೆಂಟು ಜನರಿಗೂ ಒಂದೊಂದು ಚೂರು. "ಮಡಕೆ ಒಡೆದು ಬೋಕಿ ಹಂಚ್ದಂಗಾಯ್ತು" ಎಂದು ಜನ ರೇಗಿದರು. ಆಗ ನನ್ನ ಗಂಗಮ್ಮ ಎದ್ದು ನಿಂತಳು. "ಒಡೆದ್ರೆ ಏನ್ ಮಹಾ? ಬೋಕಿ ಎಲ್ಲಾ ಇಲ್ಲೇ ಐತಲ್ಲ. ಬನ್ನಿ, ನಿಮ್ ನಿಮ್ ಚೂರು ನೀವ್ ನೀವ್ ಇಕ್ಕಿ" ಎಂದಳು.

ಹದಿನೆಂಟು ಜನ ಸಾಲಾಗಿ ನಿಂತು ಇಕ್ಕಿದರು. ಮೂರು ತಿಂಗಳ ಮೇಲೆ ಗುಂಡಿ ತೆಗೆದಾಗ ಬಂದ ಗೊಬ್ಬರವನ್ನು ಹಿಡಿ ತುಂಬ ಎತ್ತಿಕೊಂಡೆ. ಕರ್ರಗೆ, ತಣ್ಣಗೆ, ಹುಡಿಹುಡಿಯಾಗಿತ್ತು. ನಮ್ಮಲ್ಲಿ ಒಬ್ಬನಿಗೂ ಬಾರದ ಕೆಲಸವನ್ನು ನಾವೆಲ್ಲ ಸೇರಿ ಮಾಡಿದ್ದೆವು. ಅಲ್ಲಿಂದ ಮುಂದೆ ಕಲಿಕೆ ಮನೆಯಲ್ಲಿ ಒಬ್ಬರಿಗೇ ಕಲಿಸುವುದು ನಿಂತೇಹೋಯಿತು. ಮುದ್ದಯ್ಯನ ಮಕ್ಕಳನ್ನು ಗದರಿಸಿ ಎಳೆತಂದು ಅಕ್ಕಪಕ್ಕ ಕೂರಿಸಿ, ಗಾರೆ ಕೆಲಸವನ್ನು ಒಂಬತ್ತು ಜನಕ್ಕೆ ಹಂಚಿಸಿದೆವು. ಅದರಲ್ಲಿ ಮೂರು ಜನಕ್ಕೆ ತಮ್ಮತಮ್ಮಲ್ಲೇ ಮಾತಿರಲಿಲ್ಲ. ಆದರೆ ಸುಣ್ಣ ನೆನೆಹಾಕಿದ ಮೇಲೆ ಬೆಲ್ಲದ ನೀರು ಯಾವಾಗ ಎಂದು ಕೇಳದೆ ಆಗುತ್ತದೆಯೇ? ಕೇಳಿದರು. ಮೊದಲು ಗೋಡೆಯ ಕಡೆ ನೋಡಿಕೊಂಡು ಕೇಳಿದರು, ಆಮೇಲೆ ಮುಖ ನೋಡಿ.

ಒಂದು ದಿನ ಮೇಡಂ ತಮ್ಮ ಊರಿನಲ್ಲಿ ಎಷ್ಟು ಕಲಿಸಿದರೂ ಏನೂ ಕಡಿಮೆಯಾಗುವುದಿಲ್ಲ ಎಂದು ಹೇಳಿದರು. ನನಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ನಿಮ್ಮೂರಲ್ಲಿ ಎಲ್ಲಾರ್ಗೂ ಎಲ್ಲಾ ಗೊತ್ತಿರಬೇಕಲ್ಲ ಮೇಡಂ?" ಎಂದೆ. ಅವರು, "ಗೊತ್ತು. ಕೆರೆ ಉಳಿಸೋದು ಹೇಗೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಕೆರೆ ಮಾತ್ರ ಇಲ್ಲ" ಎಂದರು.

ನಮ್ಮ ಊರಿನಲ್ಲಿ ಕೆರೆ ಇತ್ತು. ಅದನ್ನು ಬಲ್ಲವಳು ಮಾತ್ರ ಒಬ್ಬಳೇ: ನೀರುಗಂಟಿ ಪುಟ್ಟೀರಮ್ಮ. ಐವತ್ತು ವರ್ಷದಿಂದ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವಳು, ಇಳಿಸುವವಳು, ಅರ್ಧ ಮೈಲಿ ಉದ್ದದ ಏರಿ ಕಾಯುವವಳು ಅವಳೇ. ಅವಳಿಗೆ ಎಪ್ಪತ್ತಾರು. ಕಳೆದ ಬೇಸಿಗೆಯಲ್ಲಿ ತೂಬಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಳು. ಪುರಸಭೆಯವರು ಸಭೆ ಸೇರಿದರು. ಮಳೆಗಾಲದೊಳಗೆ ಬೇರೆ ನೀರುಗಂಟಿ ಸಿಗದಿದ್ದರೆ ಏರಿ ಕಡಿದು ಕೆರೆ ಬರಿದು ಮಾಡುವುದು, ಅಲ್ಲಿ ಬಸ್ ಸ್ಟ್ಯಾಂಡು ಕಟ್ಟುವುದು, ನೀರನ್ನು ದೂರದಿಂದ ಪೈಪಿನಲ್ಲಿ ತರುವುದು ಎಂದು ತೀರ್ಮಾನಿಸಿದರು. ಚನ್ನವೀರಪ್ಪನವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೋಡಿಕೊಳ್ಳುವವರಿಲ್ಲದ ಕೆರೆ ಊರಿನ ತಲೆಯ ಮೇಲಿನ ಬಂಡೆ.

ನಾನು, ಮೇಡಂ ಇಬ್ಬರೂ ಅವಳ ಮನೆಗೆ ಹೋದೆವು. ಅಜ್ಜಿ ನಮ್ಮನ್ನು ನೋಡಿದ ಕೂಡಲೇ, "ನನ್ ಕೈ ಕತ್ತರಿಸ್ಕಂಡ್ ಹೋಗಾಕ್ ಬಂದ್ರಾ?" ಎಂದಳು. ನಾನು ಕೂತೆ. ಅವಳೇ ಹೇಳಿದಳು: "ನಂಗ್ ಕಲಿಸಿದ್ದು ನಮ್ ಮಾವ. ಗಂಡ ಕುಡುಕ, ಅವನಿಗ್ ಕೊಡ್ಲಿಲ್ಲ. ಕಲಿಸಿದ್ ಮ್ಯಾಲೆ ನಮ್ ಮಾವ ಏರಿ ಕಡೀಕೆ ತಲೆ ಹಾಕ್ಲಿಲ್ಲ. ಗೋಡೆ ಕಡೀಕೆ ಮುಖ ಮಾಡ್ಕಂಡ್ ಮಲಗ್ದೋನು ಮತ್ತೆ ಏಳ್ಲೂ ಇಲ್ಲ. ಆ ಗೋಡೆ ಇದೇಯ." ಅವಳು ತೋರಿಸಿದ ಗೋಡೆಯನ್ನು ನಾವು ನೋಡಿದೆವು. ಕೊನೆಗೆ ನಾನೇ, "ಅಜ್ಜಿ, ನೀನು ಕಲಿಸ್ದಿದ್ರೆ ಕೆರೆ ಹೋಗ್ತದೆ. ಕಲಿಸಿದ್ರೆ ನಿಂಗೆ ಕೆರೆ ಹೋಗ್ತದೆ. ಎರಡೂ ಒಂದೇ ಅಲ್ಲ" ಎಂದೆ. ಹೇಳಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಸುತ್ತುತ್ತ ಕೂತಿದ್ದಳು. "ಎಷ್ಟು ಜನಕ್ಕೆ?" ಎಂದು ಕೇಳಿದಳು. "ಮೂವತ್ತು" ಎಂದೆ. "ಥೂ, ನನ್ ಕೆರೇನ ಪ್ರಸಾದ ಮಾಡ್ತೀರಾ" ಎಂದು ಎದ್ದು ಕೋಲು ತೆಗೆದುಕೊಂಡಳು.

ಒಂಬತ್ತು ದಿನ ಏರಿಯ ಮೇಲೆ ಪಾಠ ನಡೆಯಿತು. ಮೂವತ್ತು ಜನರಲ್ಲಿ ನಾನೂ ಇದ್ದೆ, ಗಂಗಮ್ಮನೂ ಇದ್ದಳು, ಮೇಡಂ ಕೂಡ. ತೂಬಿನ ಬಾಯಿ ಮುಚ್ಚುವ ಬಿರಡೆಯನ್ನು ಎಷ್ಟು ಬೆರಳು ಎತ್ತಿದರೆ ನೀರು ಯಾವ ಗದ್ದೆಯ ತನಕ ಹೋಗುತ್ತದೆ, ಯಾವ ಬೇರನ್ನು ಏರಿಯ ಮೇಲೆ ಬಿಡಬಾರದು, ಯಾವುದನ್ನು ಕೀಳಬಾರದು, ಏಡಿಯ ತೂತು ಯಾವುದು, ಇಲಿಯ ಬಿಲ ಯಾವುದು, ಹೂಳನ್ನು ಎಲ್ಲಿಂದ ತೆಗೆಯಬೇಕು. ಒಬ್ಬಳ ಒಳಗೆ ಇಷ್ಟೊಂದು ಹಿಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಬಿರಡೆಗೆ ಸುತ್ತುವ ಹುಲ್ಲಿನ ಹಗ್ಗದ ಬಿಗಿ. ಅಷ್ಟೇ. ಅಷ್ಟೇ ಆದರೂ ಆ ಹಗ್ಗ ಮುಟ್ಟಿದರೆ ನನ್ನ ಬೆರಳು ತಾನಾಗಿ ಎಚ್ಚರವಾಗುತ್ತಿತ್ತು.

ಅಜ್ಜಿ ದಿನದಿನಕ್ಕೆ ಬರಿದಾಗುತ್ತ ಹೋದಳು. ನಾಲ್ಕನೇ ದಿನ ತೂಬಿನ ಕಲ್ಲುಕಂಬ ನೋಡಿ, "ಇದ್ಯಾಕ್ ನೆಟ್ಟವ್ರೆ ಇಲ್ಲಿ?" ಎಂದಳು. ಯಾರೂ ನಗಲಿಲ್ಲ. ಆರನೇ ದಿನ ಮನೆಗೆ ಹೋಗುವಾಗ ನನ್ನ ತೋಳು ಹಿಡಿದುಕೊಂಡಳು. ಆ ಏರಿಯ ಮೇಲೆ ಅವಳು ಯಾರ ತೋಳನ್ನೂ ಹಿಡಿದವಳಲ್ಲ. ಒಂಬತ್ತನೇ ದಿನ, "ಮುಗೀತು, ಹೋಗಿ" ಎಂದು ಎಲ್ಲರನ್ನೂ ಕಳಿಸಿದಳು.

ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಅವಳನ್ನು ಮನೆಗೆ ಬಿಡಲು ಹೋಗುವ ದಾರಿಯಲ್ಲಿ ನಾನು ಮೆಲ್ಲಗೆ, "ಅಜ್ಜಿ, ಉಳಿಹಿಡಿ ಇಟ್ಕಂಡಿದೀಯ" ಎಂದೆ. "ನೀನು ಕಾಜಾ ಇಟ್ಕಂಡಿಲ್ವೇನ್ಲಾ?" ಎಂದಳು. "ಕಾಜಾ ಇಲ್ದಿದ್ರೆ ಅಂಗಿ ಬಿಚ್ಕಂತದೆ, ಅಷ್ಟೇ" ಎಂದೆ. ಅಜ್ಜಿ ನಿಂತಳು. "ನಂದೂ ಅಷ್ಟೇ ಕಣಪ್ಪ. ಅದೊಂದು ಹೋದ್ರೆ ನಾನೇ ಬಿಚ್ಕಂತೀನಿ" ಎಂದಳು. ಮತ್ತೆ ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗೆಲ್ಲಿತ್ತು?

ಆ ವರ್ಷದ ಮಳೆ ಬಂದದ್ದು ಹೇಳದೆ ಕೇಳದೆ. ನಾಲ್ಕು ದಿನ, ಮಧ್ಯೆ ಒಂದು ಗಳಿಗೆ ಬಿಡುವಿಲ್ಲದೆ. ಮೂವತ್ತು ಜನ ಸರದಿಯಲ್ಲಿ ಅಲ್ಲ, ಒಟ್ಟಿಗೇ ಏರಿಯ ಮೇಲಿದ್ದೆವು. ಬೇರೆ ದಾರಿ ಇರಲಿಲ್ಲವಲ್ಲ. ಹಗ್ಗದ ಬಿಗಿ ನಾನು ನೋಡಿದೆ, ಬೆರಳೆಣಿಕೆ ಗಂಗಮ್ಮ ಹೇಳಿದಳು, ಬಿರಡೆಯನ್ನು ಮುದ್ದಯ್ಯನ ದೊಡ್ಡ ಮಗ ಎತ್ತಿದ. ಕೋಡಿ ಬಿತ್ತು. ನಮ್ಮ ವಯಸ್ಸಿನವರು ಅದುವರೆಗೆ ಕೋಡಿ ಬಿದ್ದದ್ದನ್ನು ನೋಡಿರಲಿಲ್ಲ. ಕಲ್ಲಿನ ಮೇಲಿಂದ ನೀರು ಹಾಸಿಕೊಂಡು ಬೀಳುವುದನ್ನು ನೋಡುತ್ತ ಅರ್ಧ ಊರು ಮಳೆಯಲ್ಲಿ ನೆನೆಯುತ್ತ ನಿಂತುಬಿಟ್ಟಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಏರಿಯ ಹಿಂಬದಿಯ ಗದ್ದೆಯಲ್ಲಿ ಕೆಂಪು ನೀರು ಕಾಣಿಸಿತು. ಮಳೆ ನೀರಲ್ಲ, ಮಣ್ಣು ತಿಂದುಕೊಂಡು ಬರುವ ನೀರು. ಅಂದರೆ ಏರಿಯೊಳಗೆ ಎಲ್ಲೋ ದಾರಿಯಾಗಿದೆ. ಎಲ್ಲಿ? ಮೂವತ್ತು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರ ಚೂರಿನಲ್ಲೂ ಅದು ಇರಲಿಲ್ಲ. ಚನ್ನವೀರಪ್ಪನವರು ಜೆಸಿಬಿ ತರಿಸಿ ಏರಿಯ ತುದಿಯಲ್ಲಿ ನಿಲ್ಲಿಸಿದರು. "ಸಂಜೆಯೊಳಗೆ ತೂತು ಸಿಗ್ಲಿಲ್ಲ ಅಂದ್ರೆ ಈ ಕಡೆ ಕಡಿಸಿ ಹಳ್ಳಕ್ಕೆ ಬಿಟ್ಬಿಡ್ತೀನಿ ಮರಿಸ್ವಾಮಿ. ಕೆಳಗಿನ ಬೀದಿಲಿ ಮಕ್ಳುಮರಿ ಅವೆ" ಎಂದರು.

ಆಗ ಪುಟ್ಟೀರಮ್ಮ ಕೋಲೂರಿಕೊಂಡು ಬಂದಳು. ಯಾರನ್ನೂ ನೋಡದೆ ಏರಿಯ ಮೇಲೆ ಕೆಸರಿನಲ್ಲೇ ಮಲಗಿ, ಬಲಗಿವಿ ನೆಲಕ್ಕಿಟ್ಟಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, "ಇಲ್ಲಲ್ಲ" ಎಂದು ಎದ್ದಳು. ಹತ್ತು ಹೆಜ್ಜೆ ಹೋಗಿ ಮತ್ತೆ ಮಲಗಿದಳು. "ಇಲ್ಲೂ ಅಲ್ಲ." ಮೂರನೇ ಸಲ ಏಳುವಾಗ ಸೊಂಟ ಹಿಡಿದುಕೊಂಡಿತು, ನಾನು ಹಿಡಿದೆತ್ತಿದೆ. ಮುಂದೆ ಏರಿ ಅರ್ಧ ಮೈಲಿ ಚಾಚಿಕೊಂಡಿತ್ತು. ಒಂದು ಕಿವಿಯಿಂದ ಮುಗಿಯುವ ಏರಿ ಅದಲ್ಲ. ಅವಳು ಅದನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ನೀರನ್ನು ನೋಡಿದಳು, ತುಂಬ ಹೊತ್ತು, ಊರು ಬಿಟ್ಟು ಹೋಗುವವರು ಮನೆ ನೋಡುವ ಹಾಗೆ. ಬೇಡ ಅಜ್ಜಿ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ.

"ಹದಿನೈದು ಮಾರಿಗೊಬ್ರು ಮಲಗ್ರಪ್ಪ" ಎಂದು ಕೂಗಿದಳು. "ಬಲಗಿವಿ ಇಡ್ರಿ. ಮೊದ್ಲು ನಿಮ್ ನೆತ್ತರ ಸದ್ದೇ ಕೇಳ್ತದೆ, ಅದನ್ನ ಬಿಡಿ. ಆಮ್ಯಾಕೆ ಮಳೆ ಸದ್ದು, ಅದನ್ನೂ ಬಿಡಿ. ಅದರ ಕೆಳಗೆ ಕೆರೆ ಉಸಿರಾಡ್ತದೆ, ಹೆದರ್ಬ್ಯಾಡಿ, ಅದು ಒಳ್ಳೇದೇಯ. ಅದ್ರೊಳಗೆ ಎಲ್ಲಾದ್ರೂ ಮಗ ಮೊಲೆ ಚೀಪ್ದಂಗೆ ಸದ್ದು ಬಂದ್ರೆ, ಕೈ ಎತ್ತಿ." ಒಬ್ಬರ ಬಾಯಿಂದ ಒಬ್ಬರಿಗೆ ಆ ಮಾತು ಏರಿಯುದ್ದಕ್ಕೂ ಹೋಯಿತು. ಮೂವತ್ತು ಜನ ಅರ್ಧ ಮೈಲಿ ಉದ್ದಕ್ಕೆ ಕೆಸರಿನಲ್ಲಿ ಕಿವಿಯಿಟ್ಟು ಮಲಗಿದೆವು. ಒಬ್ಬೊಬ್ಬರ ಪಾಲಿಗೂ ಬಂದ ಚೂರು ಅವರವರ ಕಿವಿಯ ಕೆಳಗಿನ ಹದಿನೈದು ಮಾರು ಮಾತ್ರ.

ನಾನು ಕೇಳಿದ್ದನ್ನು ಹೇಗೆ ಹೇಳಲಿ? ನೆತ್ತರು ಹೋಯಿತು, ಮಳೆ ಹೋಯಿತು. ಆಮೇಲೆ ಕೆಳಗಿನಿಂದ, ಬಹಳ ಕೆಳಗಿನಿಂದ, ಅಷ್ಟು ದೊಡ್ಡ ನೀರು ಏರಿಗೆ ಮೈ ಒರಗಿಸಿಕೊಂಡು ಮೆಲ್ಲಗೆ ಉಸಿರು ಬಿಡುವುದು ಕೇಳಿಸಿತು. ಐವತ್ತು ವರ್ಷದಿಂದ ನಾನು ಆ ಕೆರೆಯ ನೀರು ಕುಡಿದಿದ್ದೇನೆ, ಅದರಲ್ಲಿ ಈಜಿದ್ದೇನೆ. ಅದಕ್ಕೆ ಜೀವವಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಕಣ್ಣಲ್ಲಿ ನೀರು ಬಂತು. ಇದನ್ನು ಇಷ್ಟು ದಿನ ಒಬ್ಬಳೇ ಕೇಳುತ್ತಿದ್ದಳಲ್ಲ, ಇದನ್ನು ಕೊಟ್ಟುಬಿಟ್ಟಳಲ್ಲ ಎಂದು.

ದೂರದಲ್ಲಿ ಒಂದು ಕೈ ಮೇಲೆದ್ದಿತು. ವಾಸಂತಿ ಮೇಡಂ. "ಇಲ್ಲಿ! ಇಲ್ಲಿದೆ!" ಎಂದು ಕಿರುಚುತ್ತಿದ್ದರು. ಎಲ್ಲರೂ ಓಡಿದೆವು. ಅಲ್ಲಿ ಇಳಿದು ನೋಡಿದರೆ ನೀರಿನ ಮಟ್ಟದಿಂದ ಗೇಣು ಕೆಳಗೆ ತೋಳು ಹೋಗುವಷ್ಟು ತೂತು, ಒಳಗೆ ಎಳೆದುಕೊಳ್ಳುತ್ತಿತ್ತು. ತಂಗಡಿ ಸೊಪ್ಪು, ಹುಲ್ಲು, ಜೇಡಿಮಣ್ಣು, ಮರಳಿನ ಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ತುಳಿದೆವು. ಚನ್ನವೀರಪ್ಪನವರು ಬಿಳಿ ಪಂಚೆ ಎತ್ತಿ ಕಟ್ಟಿ ಮಣ್ಣಿನ ಬುಟ್ಟಿ ಹೊತ್ತರು. ಜೆಸಿಬಿಯಿಂದಲೂ ಮಣ್ಣು ತರಿಸಿ ಸುರಿಸಿದರು. ಹೊತ್ತು ಇಳಿಯುವ ಮೊದಲೇ ಗದ್ದೆಯ ಕೆಂಪು ನೀರು ತಿಳಿಯಾಯಿತು, ಆಮೇಲೆ ನಿಂತಿತು. ಚನ್ನವೀರಪ್ಪನವರು ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತು, "ಬಸ್ ಸ್ಟ್ಯಾಂಡು ಬೇರೆ ಎಲ್ಲಾದ್ರೂ ಕಟ್ಕೊಂಡ್ರಾಯ್ತು ಬಿಡ್ರಿ" ಎಂದರು.

ಮಳೆಯೂ ಬಿಟ್ಟಿತ್ತು. ಮೋಡ ಹರಿದು ಪಡುವಣದ ಬಿಸಿಲು ಕೆರೆಯ ಮೇಲೆಲ್ಲ ಬಿದ್ದಿತ್ತು. ಆಗ ನನಗೆ ಅಜ್ಜಿಯ ನೆನಪಾಯಿತು. ತಿರುಗಿ ಓಡಿದೆ, ಗಂಗಮ್ಮ ನನಗಿಂತ ಮೊದಲೇ ಓಡಿದ್ದಳು. ಆ ಗೋಡೆ ನನ್ನ ಕಣ್ಣ ಮುಂದಿತ್ತು. ಮನೆಗೆ ಹೋಗಿ ಮಲಗಿಬಿಟ್ಟಿದ್ದಾಳೆ ಎಂದೇ ಅಂದುಕೊಂಡೆ.

ಅವಳು ಹೋಗಿರಲಿಲ್ಲ. ಏರಿಯ ಮೇಲೆ ನಿಂತಿದ್ದಳು. ಕೂದಲಿಗೆ, ಬಲಗೆನ್ನೆಗೆ ಕೆಸರು ಮೆತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಈ ದಡದಿಂದ ಆ ದಡದವರೆಗೆ ತುಂಬಿ ನಿಂತ ನೀರನ್ನು, ಮೊದಲ ಸಲ ಊರಿಗೆ ಬಂದವರಂತೆ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ತೋಳು ಹಿಡಿದೆ. ಅವಳಿಗೆ ನನ್ನ ಗುರುತಿತ್ತು.

"ಮರಿಸ್ವಾಮಿ, ಇದೇನಪ್ಪ ಇಷ್ಟೊಂದ್ ನೀರು!" ಎಂದಳು. "ಎಷ್ಟ್ ಚೆಂದಾಗೈತೆ ನೋಡು. ಯಾರಪ್ಪ ಇದನ್ನ ನೋಡ್ಕಂತಾರೆ?"

ಗಂಗಮ್ಮ ತನ್ನ ಸೆರಗಿನಿಂದ ಅವಳ ಕೆನ್ನೆಯ ಕೆಸರನ್ನು ಒರೆಸುತ್ತ, "ನಾವೇ ಕಣಜ್ಜಿ. ಅಗೋ, ಅಷ್ಟೂ ಜನ. ಮೂವತ್ ಜನ ಇದೀವಿ" ಎಂದಳು.

ಅಜ್ಜಿ ಏರಿಯುದ್ದಕ್ಕೂ ಕೆಸರಾಗಿ ನಿಂತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಮತ್ತೆ ನೀರನ್ನು ನೋಡಿದಳು. ಅವಳ ಹಣೆಯಲ್ಲಿ ಚಿಂತೆಯ ಗೆರೆ ಮೂಡಿತು.

"ಮೂವತ್ ಜನ ಸಾಕಾಗ್ತೀರೇನವ್ವ," ಎಂದಳು, "ಇಷ್ಟ್ ದೊಡ್ಡ ನೀರಿಗೆ?"